ಸಾಲಿಲ್ಲದ ಸಾಲು: ಬಾರ್ಸಿಲೋನಾದ ಬಡಾವಣೆ ಮಾರುಕಟ್ಟೆ ನಡೆಯುವ ಬಗೆ

ಬಾರ್ಸಿಲೋನಾದ ಸಾಂತ್ ಅಂತೋನಿ ಮಾರುಕಟ್ಟೆಯಲ್ಲಿ ಶನಿವಾರ ಬೆಳಿಗ್ಗೆ ಮೀನಿನ ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ ಸೇರಿರುತ್ತಾರೆ. ಒಬ್ಬರು ಅಂಗಡಿಯ ಆ ತುದಿಯಲ್ಲಿ, ಒಬ್ಬರು ಈ ತುದಿಯಲ್ಲಿ, ಇನ್ನಿಬ್ಬರು ದಾರಿಗೆ ಅಡ್ಡಲಾಗಿ ನಿಂತು ಮಾತಿಗಿಳಿದಿದ್ದಾರೆ. ಒಬ್ಬ ಅಜ್ಜಿ ತಮ್ಮ ಗಾಲಿಚೀಲವನ್ನು ಅಲ್ಲೇ ಬಿಟ್ಟು ಪಕ್ಕದ ಮೊಟ್ಟೆಯಂಗಡಿಗೆ ಹೋಗಿದ್ದಾರೆ. ಸಾಲು ಎಂಬುದು ಕಣ್ಣಿಗೆ ಕಾಣಿಸುವುದೇ ಇಲ್ಲ. ಹೊಸಬರು ಖಾಲಿ ಕಂಡ ಜಾಗಕ್ಕೆ ಹೋಗಿ ನಿಂತರೆ ಯಾರೂ ಗದರುವುದಿಲ್ಲ, ಆದರೆ ಮಾರುವಾಕೆಯ ನೋಟ ಅವರನ್ನು ದಾಟಿ ಹಿಂದಿನವರ ಮೇಲೆ ನಿಲ್ಲುತ್ತದೆ.

ಏಕೆಂದರೆ ಸಾಲು ಇದೆ. ಅಂಗಡಿಗೆ ಬಂದವರು ಮೊದಲು ಸುತ್ತ ನೋಡಿ 'ಕೊನೆಯವರು ಯಾರು?' ಎಂದು ಕೇಳುತ್ತಾರೆ. ಯಾರೋ ಒಬ್ಬರು ಕೈಯೆತ್ತುತ್ತಾರೆ. ಅಲ್ಲಿಂದ ಮುಂದೆ ಕೊನೆಯವರು ನೀವು. ನಿಮ್ಮ ಬಳಿಕ ಬಂದವರು ಅದೇ ಪ್ರಶ್ನೆ ಕೇಳಿದಾಗ ಕೈಯೆತ್ತುವ ಹೊಣೆ ನಿಮ್ಮದು. ಯಾರೂ ಇಡೀ ಸಾಲನ್ನು ನೆನಪಿಡಬೇಕಾಗಿಲ್ಲ, ತಮಗಿಂತ ಮುಂದಿನ ಒಬ್ಬರ ಗುರುತಿದ್ದರೆ ಸಾಕು. ಹಾಗಾಗಿ ಕುರ್ಚಿ ಸಿಕ್ಕಲ್ಲಿ ಕೂರಬಹುದು, ಪಕ್ಕದ ಅಂಗಡಿಯ ಕೆಲಸ ಮುಗಿಸಿಕೊಂಡು ಬರಬಹುದು, ಪರಿಚಯದವರ ಮನೆಯ ಕ್ಷೇಮ ವಿಚಾರಿಸಬಹುದು. ಸಂಖ್ಯೆಯ ಚೀಟಿ ಕೊಡುವ ಯಂತ್ರಗಳು ಎಷ್ಟೋ ಅಂಗಡಿಗಳಿಗೆ ಬಂದಿವೆ, ಆದರೆ ಆ ಪ್ರಶ್ನೆ ಇನ್ನೂ ಕಿವಿಗೆ ಬೀಳುತ್ತಲೇ ಇರುತ್ತದೆ.

ಸ್ಪೇನಿನ ಬಡಾವಣೆ ಮಾರುಕಟ್ಟೆಯನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಹೊರಗಿನವರಿಗೆ ಬರೀ ಗದ್ದಲವಾಗಿ ತೋರುವ ಕಡೆ ಬಹುತೇಕ ಎಲ್ಲಕ್ಕೂ ಒಂದು ಕಟ್ಟಳೆ ಇದೆ. ಯಾವ ದಿನ ಮೀನು ಇರುವುದಿಲ್ಲ, ತರಕಾರಿಯ ಮೇಲಿನ ಚೀಟಿಯಲ್ಲಿ ಏನೇನು ಬರೆದಿರಲೇಬೇಕು, ಅಂಗಡಿಯ ಜಾಗ ಯಾರದು, ತಾತನ ಅಂಗಡಿ ಮೊಮ್ಮಗಳಿಗೆ ಹೇಗೆ ಬರುತ್ತದೆ, ಎಲ್ಲಕ್ಕೂ ಉತ್ತರ ಸಿದ್ಧವಿದೆ. ಅದು ತಿಳಿಯದೆ ಒಳಹೊಕ್ಕವರಿಗೆ ಸಿಗುವುದು ಬಣ್ಣಬಣ್ಣದ ಫೋಟೊ ಮಾತ್ರ. ತಿಳಿದು ಹೋದವರಿಗೆ ಒಂದು ನಗರ ತನ್ನ ಜನರಿಗೆ ದಿನಾ ಹೇಗೆ ಉಣಿಸುತ್ತದೆ ಎಂಬುದು ಕಾಣುತ್ತದೆ.

ಮಠದ ನೆಲ, ಕೋಟೆಯ ಬಾಗಿಲು

ಬಾರ್ಸಿಲೋನಾದಲ್ಲಿ ನಗರಪಾಲಿಕೆಯ ಒಡೆತನದಲ್ಲಿರುವ ಆಹಾರ ಮಾರುಕಟ್ಟೆಗಳು ಸುಮಾರು 40. ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಈ ರಾಜಧಾನಿಯಲ್ಲಿ ಹೆಚ್ಚಿನವರಿಗೆ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದಲ್ಲ ಒಂದು ಮಾರುಕಟ್ಟೆ ಇದೆ. ಇದು ತಾನಾಗಿ ಆದದ್ದಲ್ಲ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ನಗರ ಕೋಟೆಗೋಡೆಯೊಳಗೆ ಇಕ್ಕಟ್ಟಾಗಿ ತುಂಬಿಕೊಂಡಿತ್ತು. ಸಂತೆ ನಡೆಯುತ್ತಿದ್ದುದು ಬೀದಿಗಳಲ್ಲಿ ಮತ್ತು ಕೋಟೆಯ ಬಾಗಿಲುಗಳ ಬಳಿ. 1835ರ ಬೇಸಿಗೆಯಲ್ಲಿ ದಂಗೆಯೆದ್ದ ಜನ ಹಲವು ಮಠಗಳಿಗೆ ಬೆಂಕಿ ಹಚ್ಚಿದರು. ಅದರ ಬೆನ್ನಿಗೇ ಸರ್ಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡಿತು. ಉಸಿರಾಡಲು ಜಾಗವಿಲ್ಲದ ಊರಿನಲ್ಲಿ ಒಮ್ಮೆಲೇ ವಿಶಾಲವಾದ ನಿವೇಶನಗಳು ತೆರವಾದವು. ಲಾ ರಾಂಬ್ಲಾ ಬೀದಿಯ ಸಂತ ಜೋಸೆಫರ ಮಠ ಇದ್ದ ನೆಲದಲ್ಲಿ 1840ರಲ್ಲಿ ಅಡಿಗಲ್ಲು ಬಿದ್ದ ಮಾರುಕಟ್ಟೆಯೇ ಇಂದು ಜಗತ್ತೆಲ್ಲ ಬೊಕೇರಿಯಾ ಎಂದು ಕರೆಯುವ ಸ್ಥಳ. ಸಾಂತಾ ಕಾತೆರಿನಾ ಮಠದ ನೆಲದಲ್ಲಿ 1848ರಲ್ಲಿ ಇನ್ನೊಂದು ಮಾರುಕಟ್ಟೆ ತೆರೆಯಿತು. ಸಂತರ ಹೆಸರಿನ ಮಾರುಕಟ್ಟೆಗಳು ಇಲ್ಲಿ ಇಷ್ಟೊಂದು ಏಕೆ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಆ ಬೂದಿಯಲ್ಲಿದೆ.

ಸಾಂತ್ ಅಂತೋನಿಯ ಕಥೆ ಬೇರೆ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. ಕೋಟೆಗೋಡೆಯನ್ನು ಕೆಡವಲು 1854ರಲ್ಲಿ ಅನುಮತಿ ಸಿಕ್ಕಿತು. ಹೊರಗಿನ ಬಯಲಿನಲ್ಲಿ ಹೊಸ ನಗರವನ್ನು ಕಟ್ಟುವ ನಕ್ಷೆಗಾಗಿ ಪಾಲಿಕೆ 1859ರಲ್ಲಿ ಸ್ಪರ್ಧೆ ಏರ್ಪಡಿಸಿತು. ಅದರಲ್ಲಿ ಗೆದ್ದವರು ವಾಸ್ತುಶಿಲ್ಪಿ ಆಂತೋನಿ ರೊವೀರಾ ಇ ತ್ರಿಯಾಸ್. ಆದರೆ ಮ್ಯಾಡ್ರಿಡ್‌ನ ಸರ್ಕಾರ ಒಪ್ಪಿದ್ದು ಎಂಜಿನಿಯರ್ ಇಲ್ದೆಫೊನ್ಸ್ ಸೆರ್ದಾ ಅವರ ನಕ್ಷೆಯನ್ನು. ಮೂಲೆಗಳನ್ನು ಓರೆಯಾಗಿ ಕತ್ತರಿಸಿದ ಚೌಕಗಳ ಆ ಪ್ರಸಿದ್ಧ ಬಡಾವಣೆ ಮೇಲೇಳಿತು. ಹೊಸ ಬಡಾವಣೆಯ ಪ್ರತಿ ಭಾಗಕ್ಕೂ ಶಾಲೆಯಂತೆ, ಆಸ್ಪತ್ರೆಯಂತೆ ಮಾರುಕಟ್ಟೆಯೂ ಇರಬೇಕು ಎಂಬುದು ಸೆರ್ದಾ ಅವರ ಎಣಿಕೆಯಾಗಿತ್ತು. ಕೋಟೆಯ ಸಾಂತ್ ಅಂತೋನಿ ಬಾಗಿಲಿನ ಹೊರಗೆ ಮೊದಲಿನಿಂದಲೂ ಬಯಲು ಸಂತೆ ನಡೆಯುತ್ತಿತ್ತು. ಆ ಸಂತೆಗೆ ಸೂರು ಕಟ್ಟುವ ಕೆಲಸ ಬಂದದ್ದು ರೊವೀರಾ ಅವರ ಪಾಲಿಗೆ. ತನ್ನ ನಕ್ಷೆಯನ್ನು ಬದಿಗೆ ಸರಿಸಿದ ನಕ್ಷೆಯ ಒಂದು ಇಡೀ ಚೌಕವನ್ನು ತೆಗೆದುಕೊಂಡು, ಅವರು ಅದರೊಳಗೆ ಶಿಲುಬೆಯಾಕಾರದ ಕಬ್ಬಿಣದ ಕಟ್ಟಡವನ್ನು ಕೂರಿಸಿದರು. ನಾಲ್ಕು ತೋಳುಗಳು ಚೌಕದ ನಾಲ್ಕು ಓರೆ ಮೂಲೆಗಳತ್ತ ಚಾಚಿವೆ, ನಡುವೆ ಎಂಟು ಮೂಲೆಯ ಗೋಪುರ. ಯಾವ ದಿಕ್ಕಿನಿಂದ ಬಂದರೂ ಬಾಗಿಲು ಎದುರಿಗೇ ಇದೆ. ಸೆರ್ದಾ ಅವರ ಚೌಕವನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಕಟ್ಟಡ ಆ ಬಡಾವಣೆಯಲ್ಲಿ ಇನ್ನೊಂದು ಇದೆಯೇ ಎಂದು ನನಗೆ ಅನುಮಾನ. ಮಾರುಕಟ್ಟೆ ತೆರೆದದ್ದು 1882ರ ಸೆಪ್ಟೆಂಬರ್‌ನಲ್ಲಿ.

ಕಬ್ಬಿಣವನ್ನು ಆರಿಸಿದ್ದಕ್ಕೆ ಕಾರಣ ಅಂದ ಒಂದೇ ಅಲ್ಲ. ತೆಳುವಾದ ಕಂಬಗಳ ಮೇಲೆ ಎತ್ತರದ ಸೂರು ನಿಲ್ಲಿಸಬಹುದು. ಬಿಸಿಗಾಳಿ ಮೇಲೇರಿ ಪಕ್ಕದ ಜಾಲರಿಗಳಿಂದ ಹೊರಹೋಗುತ್ತದೆ, ನೇರ ಬಿಸಿಲು ಬೀಳದೆ ಬೆಳಕು ಮಾತ್ರ ಒಳಗೆ ಬರುತ್ತದೆ, ನೆಲವನ್ನು ನೀರು ಹೊಯ್ದು ತೊಳೆಯಬಹುದು. ಶೈತ್ಯಾಗಾರವಿಲ್ಲದ ಕಾಲದಲ್ಲಿ ಮಾಂಸ ಮತ್ತು ಮೀನು ಮಧ್ಯಾಹ್ನದವರೆಗೆ ಕೆಡದೆ ಉಳಿಯಲು ಬೇಕಾದದ್ದು ಇಷ್ಟೇ. ಜೊತೆಗೆ, ಮಾರಾಟವೆಲ್ಲ ಒಂದೇ ಸೂರಿನಡಿ ಬಂದರೆ ತೂಕದ ಮೋಸವನ್ನೂ ಕೊಳೆತ ಸರಕನ್ನೂ ಹಿಡಿಯುವುದು ಪಾಲಿಕೆಯ ಅಧಿಕಾರಿಗಳಿಗೆ ಸುಲಭವಾಯಿತು.

ಸೋಮವಾರ ಮೀನಿಲ್ಲ

ಪ್ರವಾಸಿಗರು ಸೋಮವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ಮೀನಿನ ಸಾಲಿನ ಅಮೃತಶಿಲೆಯ ಕಟ್ಟೆಗಳು ಒಣಗಿ ಖಾಲಿಯಾಗಿರುವುದನ್ನು ನೋಡಿ ಮಾರುಕಟ್ಟೆ ಸೊರಗಿದೆ ಎಂದುಕೊಳ್ಳುವುದುಂಟು. ಕಾರಣ ಸರಳ. ಈ ಕರಾವಳಿಯ ಬಲೆದೋಣಿಗಳು ವಾರಾಂತ್ಯದಲ್ಲಿ ಕಡಲಿಗೆ ಇಳಿಯುವುದಿಲ್ಲ, ಸಗಟು ಮೀನು ಮಾರುಕಟ್ಟೆಗೂ ರಜೆ. ಸೋಮವಾರ ಹಾಸಬೇಕೆಂದರೆ ಇರುವುದು ಶನಿವಾರದ ಉಳಿಕೆ ಮಾತ್ರ. ಅದನ್ನು ಮಾರುವುದಕ್ಕಿಂತ ಬಾಗಿಲು ಹಾಕುವುದು ಮರ್ಯಾದೆ ಎಂಬುದು ಹೆಚ್ಚಿನ ಅಂಗಡಿಯವರ ನಿಲುವು.

ವಾರದ ದಿನಗಳಲ್ಲಿ ಹತ್ತಿರದ ಕಡಲಿನ ಮೀನು ಬರುವ ದಾರಿ ಹೀಗಿದೆ. ನಸುಕಿನಲ್ಲಿ ಹೊರಟ ಬಲೆದೋಣಿಗಳು ಅದೇ ದಿನ ಸಂಜೆಯ ಹೊತ್ತಿಗೆ ಬಂದರಿಗೆ ಮರಳುತ್ತವೆ. ಅಲ್ಲಿನ ಹರಾಜು ನಾವು ಕಂಡ ಹರಾಜಿಗೆ ತಿರುಗುಮುರುಗು. ಬೆಲೆ ಮೇಲಿನಿಂದ ಶುರುವಾಗಿ ಕೆಳಗಿಳಿಯುತ್ತದೆ. ಪೆಟ್ಟಿಗೆಗಳು ಪಟ್ಟಿಯ ಮೇಲೆ ಸಾಗುತ್ತವೆ, ಫಲಕದ ಮೇಲೆ ಅಂಕಿ ಇಳಿಯುತ್ತಾ ಹೋಗುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಪೆಟ್ಟಿಗೆ. ಇನ್ನೂ ಸ್ವಲ್ಪ ಇಳಿಯಲಿ ಎಂದು ಕಾದವರ ಕೈತಪ್ಪುತ್ತದೆ. ಬೇಗನೆ ಕೆಡುವ ಸರಕನ್ನು ಕೆಲವೇ ನಿಮಿಷಗಳಲ್ಲಿ ವಿಲೇವಾರಿ ಮಾಡಲು ಕಂಡುಕೊಂಡ ಉಪಾಯವಿದು.

ಉಳಿದ ಸರಕೆಲ್ಲ ಹೆಚ್ಚಾಗಿ ಮೆರ್ಕಾಬಾರ್ನಾ ಎಂಬ ಸಗಟು ಮಾರುಕಟ್ಟೆಯ ಮೂಲಕ ಬರುತ್ತದೆ. ಮೊದಲು ಹಣ್ಣು ತರಕಾರಿಯ ಸಗಟು ವ್ಯಾಪಾರ ಹಳೆಯ ಊರಿನ ಬೊರ್ನ್ ಎಂಬ ಕಬ್ಬಿಣದ ಮಾರುಕಟ್ಟೆಯಲ್ಲಿ ನಡೆಯುತ್ತಿತ್ತು. ಲಾರಿಗಳ ಕಾಟ ತಾಳಲಾರದೆ 1971ರಲ್ಲಿ ಅದನ್ನು ಊರ ಹೊರಗಿನ ಕೈಗಾರಿಕಾ ಪ್ರದೇಶಕ್ಕೆ ಸಾಗಿಸಿದರು. ಬಡಾವಣೆಯ ಅಂಗಡಿಯವರು ನಗರ ಮಲಗಿರುವಾಗಲೇ ಅಲ್ಲಿಗೆ ಹೋಗಿ, ಕಣ್ಣಾರೆ ಕಂಡು, ಮುಟ್ಟಿ, ಚೌಕಾಸಿ ಮಾಡಿ ಸರಕು ತರುತ್ತಾರೆ. ಹೀಗಾಗಿ ಬಡಾವಣೆ ಮಾರುಕಟ್ಟೆಯಲ್ಲಿ ಗಿರಾಕಿ ಚೌಕಾಸಿಗೆ ಇಳಿಯುವುದಿಲ್ಲ. ಬೆಲೆ ಚೀಟಿಯ ಮೇಲಿದೆ, ಅದೇ ಬೆಲೆ. ಪರಿಚಯ ಬೆಳೆದ ಮೇಲೆ ಸಾರಿಗೆಂದು ಒಂದು ಹಿಡಿ ಪಾರ್ಸ್ಲಿ ಸೊಪ್ಪು ಚೀಲಕ್ಕೆ ಬೀಳಬಹುದು, ಅಷ್ಟೇ.

ಆ ಚೀಟಿಯನ್ನು ಓದಲು ಕಲಿಯುವುದು ಮಾರುಕಟ್ಟೆಯಲ್ಲಿ ಮಾಡಬಹುದಾದ ಅತ್ಯಂತ ಲಾಭದ ಕೆಲಸ. ಮೀನಿನ ಮುಂದಿರುವ ಚೀಟಿಯಲ್ಲಿ ಐರೋಪ್ಯ ಒಕ್ಕೂಟದ ಕಾನೂನಿನಂತೆ ಹಲವು ಸಂಗತಿಗಳು ಇರಲೇಬೇಕು: ಮೀನಿನ ಹೆಸರು, ಅದರ ಲ್ಯಾಟಿನ್ ಹೆಸರು, ಹಿಡಿದದ್ದೋ ಸಾಕಿದ್ದೋ, ಯಾವ ಕಡಲಿನದು, ಎಂಥ ಬಲೆಯಲ್ಲಿ ಸಿಕ್ಕಿದ್ದು, ಮೊದಲು ಹೆಪ್ಪುಗಟ್ಟಿಸಿ ಆಮೇಲೆ ಕರಗಿಸಿದ್ದೇ ಎಂಬುದೆಲ್ಲ. ಕಡಲನ್ನು ಅಂಕಿಯಿಂದ ಗುರುತಿಸುವುದೂ ಉಂಟು. 37 ಎಂದಿದ್ದರೆ ಮೆಡಿಟರೇನಿಯನ್, 27 ಎಂದಿದ್ದರೆ ಈಶಾನ್ಯ ಅಟ್ಲಾಂಟಿಕ್. ಸ್ಪೇನಿನವರು ಮುಗಿಬೀಳುವ ಮೆರ್ಲುಸಾ ಮೀನನ್ನೇ ನೋಡಿ. ಒಂದೇ ಹೆಸರಿನ ಎರಡು ರಾಶಿಗಳು ಅಕ್ಕಪಕ್ಕ ಇರುತ್ತವೆ, ಬೆಲೆಯಲ್ಲಿ ದೊಡ್ಡ ಅಂತರ. ಲ್ಯಾಟಿನ್ ಹೆಸರು ಓದಿದರೆ ಗುಟ್ಟು ಬಯಲಾಗುತ್ತದೆ: ಮೆರ್ಲುಸಿಯಸ್ ಮೆರ್ಲುಸಿಯಸ್ ಎಂದಿದ್ದರೆ ಯುರೋಪಿನ ಕಡಲಿನದು, ಮೆರ್ಲುಸಿಯಸ್ ಕಪೆನ್ಸಿಸ್ ಎಂದಿದ್ದರೆ ಆಫ್ರಿಕಾದ ದಕ್ಷಿಣ ತುದಿಯ ಕಡಲಿನದು. ಎರಡೂ ಒಳ್ಳೆಯ ಮೀನುಗಳೇ. ಆದರೆ ತಾನು ಏನನ್ನು ಕೊಳ್ಳುತ್ತಿದ್ದೇನೆ ಎಂಬುದು ಕೊಳ್ಳುವವರಿಗೆ ತಿಳಿದಿರಬೇಕು ಎಂಬ ಹಟ ಆ ಚಿಕ್ಕ ಚೀಟಿಯಲ್ಲಿದೆ, ಅದು ನನಗೆ ಮೆಚ್ಚುಗೆ.

ಮೊಟ್ಟೆಗೂ ಇಂಥದೇ ಲೆಕ್ಕ. ಪ್ರತಿ ಮೊಟ್ಟೆಯ ಸಿಪ್ಪೆಯ ಮೇಲೆ ಕೆಂಪು ಶಾಯಿಯ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲ ಅಂಕಿ 3 ಇದ್ದರೆ ಕೋಳಿ ಪಂಜರದಲ್ಲಿ ಬೆಳೆದದ್ದು, 2 ಇದ್ದರೆ ಕೊಟ್ಟಿಗೆಯ ನೆಲದ ಮೇಲೆ, 1 ಇದ್ದರೆ ಹೊರಗೆ ಅಡ್ಡಾಡಿ ಬೆಳೆದದ್ದು, 0 ಇದ್ದರೆ ಸಾವಯವ.

ಮೀನಿನ ಅಂಗಡಿಯಲ್ಲಿ ಮಾರುವವರ ನೆಲ ಗಿರಾಕಿಯ ನೆಲಕ್ಕಿಂತ ಎತ್ತರ. ಮಾರುವಾಕೆ ಮಂಜುಗಡ್ಡೆಯ ಇಳಿಜಾರಿನ ಆಚೆ, ಮೇಲೆ ನಿಂತು ವ್ಯವಹರಿಸುತ್ತಾಳೆ. ಈ ಕಸುಬಿನಲ್ಲಿ ಹಿಂದಿನಿಂದಲೂ ಹೆಂಗಸರದೇ ಮೇಲುಗೈ. ಮೀನನ್ನು ತೂಗಿದ ಮೇಲೆ ಆಕೆ ಕೇಳುವ ಪ್ರಶ್ನೆ ಒಂದೇ, ಹೇಗೆ ಅಡುಗೆ ಮಾಡುತ್ತೀರಿ? ಕಾವಲಿಯ ಮೇಲೆ ಎಂದರೆ ಬೆನ್ನಿನುದ್ದಕ್ಕೆ ಸೀಳಿ ಹಾಳೆಯಂತೆ ಬಿಡಿಸುತ್ತಾಳೆ. ಸಾರಿಗೆ ಎಂದರೆ ಅಡ್ಡಡ್ಡ ತುಂಡು. ತಲೆ ಮತ್ತು ಮುಳ್ಳು ಬೇಕೇ ಎಂದೂ ಕೇಳುತ್ತಾಳೆ, ಏಕೆಂದರೆ ಅನ್ನಕ್ಕೆ ಬೇಕಾದ ರಸ ತೆಗೆಯುವುದು ಅದರಿಂದಲೇ. ಹುರುಪೆ ತೆಗೆಯುವುದು, ಹೊಟ್ಟೆ ಶುಚಿ ಮಾಡುವುದು, ಕತ್ತರಿಸುವುದು ಎಲ್ಲವೂ ಬೆಲೆಯೊಳಗೇ ಸೇರಿದೆ. ಹೇಗೆ ಬೇಯಿಸಬೇಕು ಎಂದು ಗೊತ್ತಿಲ್ಲ ಎಂದರೆ ಹೇಳಿಕೊಡುವುದೂ ಸೇರಿದೆ. ಆಗ ಸಾಲಿನಲ್ಲಿ ನಿಂತ ಇನ್ನಿಬ್ಬರು ತಮ್ಮ ಮನೆಯ ಪಾಠ ಸೇರಿಸುತ್ತಾರೆ, ಸಾಲು ಮುಂದೆ ಹೋಗುವುದಿಲ್ಲ, ಯಾರೂ ಬೇಸರಪಡುವುದಿಲ್ಲ.

ಬೆಂದ ಕಡಲೆ, ನೇತಾಡುವ ಟೊಮೆಟೊ

ನಮ್ಮ ಕಡೆಯಿಂದ ಹೋಗುವವರಲ್ಲಿ ಸಸ್ಯಾಹಾರಿಗಳು ಬಹಳ ಮಂದಿ. ಹಂದಿಯ ತೊಡೆಗಳು ಸಾಲಾಗಿ ತೂಗಾಡುವ ಮಾರುಕಟ್ಟೆಯನ್ನು ಕಂಡು ಬಾಗಿಲಲ್ಲೇ ಹಿಂದೆ ಸರಿಯುವವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು: ಹಿಂದೆ ಸರಿಯಬೇಡಿ, ಉಪ್ಪು ಮೀನಿನ ಅಂಗಡಿಯವರೆಗೆ ನಡೆಯಿರಿ. ಕೇಳಲು ವಿಚಿತ್ರವೆನಿಸಬಹುದು, ಆದರೆ ಸಸ್ಯಾಹಾರಿಗೆ ಅತ್ಯುತ್ತಮ ಊಟ ಸಿಗುವುದು ಅಲ್ಲಿಯೇ.

ಉತ್ತರದ ಕಡಲುಗಳಲ್ಲಿ ಹಿಡಿದು ಉಪ್ಪಿನಲ್ಲಿ ಒಣಗಿಸಿದ ಕಾಡ್ ಮೀನು ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸಕ್ಕೆ ಬದಲಿಯಾಗಿ ಇಲ್ಲಿ ಬೇರೂರಿತು. ಅದನ್ನು ಬೇಯಿಸುವ ಮೊದಲು ಒಂದೆರಡು ದಿನ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಉಪ್ಪು ಇಳಿಸಬೇಕು. ಮನೆಯವರ ಬದಲು ಅಂಗಡಿಯವರೇ ಕಲ್ಲಿನ ತೊಟ್ಟಿಗಳಲ್ಲಿ ಈ ಕೆಲಸ ಮಾಡಿ ಕೊಡುತ್ತಾರೆ. ನೆನೆಸುವುದೇ ಕಸುಬಾದವರು ಕಾಳುಗಳನ್ನು ಬಿಡುತ್ತಾರೆಯೇ? ಕ್ಯಾಟಲನ್ ಮಾರುಕಟ್ಟೆಗಳಲ್ಲಿ ಇದೇ ಅಂಗಡಿಗಳು, ಇಲ್ಲವೇ ಅವುಗಳ ನೆರೆಯ ಅಂಗಡಿಗಳು, ನೆನೆಸಿ ಬೇಯಿಸಿದ ಕಾಬೂಲಿ ಕಡಲೆ, ಬಿಳಿ ಬೀನ್ಸ್ ಕಾಳು, ಮಸೂರಗಳನ್ನು ತೂಕದ ಮೇಲೆ ಮಾರುತ್ತವೆ. ಬೆಳಗಿನ ಹೊತ್ತು ಹೋದರೆ ಕಡಲೆ ಇನ್ನೂ ಬಿಸಿಯಾಗಿರುತ್ತದೆ. ಸಿಪ್ಪೆ ಬಿಟ್ಟಿರುವುದಿಲ್ಲ, ಒತ್ತಿದರೆ ಒಳಗೆಲ್ಲ ಬೆಣ್ಣೆ. ಕೊಕ್ಕೆಯಂತೆ ಬಾಗಿದ ಗಂಶೆತ್ ಎಂಬ ಬಿಳಿ ಬೀನ್ಸ್ ಕಾಳು ಬಾರ್ಸಿಲೋನಾದ ಉತ್ತರಕ್ಕಿರುವ ತಗ್ಗುಗಳಲ್ಲಿ ಬೆಳೆಯುವಂಥದು, ತೊಗಟೆ ಎಷ್ಟು ತೆಳುವೆಂದರೆ ನಾಲಿಗೆಗೆ ತಿಳಿಯುವುದೇ ಇಲ್ಲ. ಬೆಂದ ಕಾಳು ಕಾಲು ಕಿಲೊ, ಒಂದಿಷ್ಟು ಆಲಿವ್ ಎಣ್ಣೆ, ಉಪ್ಪು, ಹೆಚ್ಚಿದ ಟೊಮೆಟೊ, ಈರುಳ್ಳಿ. ಊಟ ಮುಗಿಯಿತು. ಆದರೆ ಅದೇ ಕಾಳನ್ನು ಮಾರುಕಟ್ಟೆಯ ಬಾರ್‌ನಲ್ಲಿ ಕೇಳಿದರೆ ಎಚ್ಚರ ಬೇಕು, ಅಲ್ಲಿ ಅದು ಸಾಮಾನ್ಯವಾಗಿ ಹಂದಿಮಾಂಸದ ತುಣುಕುಗಳೊಡನೆ ಬರುತ್ತದೆ.

ತರಕಾರಿ ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ತೂಗುಹಾಕಿದ ಪುಟ್ಟ, ಸುಕ್ಕಾದ ಟೊಮೆಟೊಗಳನ್ನು ಹಳೆಯದೆಂದು ಬಿಟ್ಟುಬರಬೇಡಿ. ತೂಗುಹಾಕಲೆಂದೇ ಬೆಳೆಯುವ ತಳಿಯದು, ಬೇಸಿಗೆಯಲ್ಲಿ ಕಿತ್ತದ್ದು ಚಳಿಗಾಲದವರೆಗೂ ಬಾಳುತ್ತದೆ. ಅಡ್ಡಕ್ಕೆ ಕೊಯ್ದು ಬ್ರೆಡ್ಡಿನ ಮೇಲೆ ಉಜ್ಜಿದರೆ ತಿರುಳೆಲ್ಲ ಬ್ರೆಡ್ಡಿಗಿಳಿದು ಕೈಯಲ್ಲಿ ಸಿಪ್ಪೆ ಮಾತ್ರ ಉಳಿಯುತ್ತದೆ. ಅದರ ಮೇಲೆ ಎಣ್ಣೆ ಮತ್ತು ಉಪ್ಪು. ಕ್ಯಾಟಲನ್ನರು ದಿನಾ ತಿನ್ನುವ ತಿಂಡಿ ಇದು. ಸಾಮಾನ್ಯ ಟೊಮೆಟೊ ಉಜ್ಜಿದರೆ ಬ್ರೆಡ್ಡು ನೀರಾಗುತ್ತದೆ, ಅದಕ್ಕೇ ಈ ತಳಿ.

ಋತುಗಳನ್ನು ಮಾರುಕಟ್ಟೆ ಈಗಲೂ ಬಿಗಿಯಾಗಿ ಪಾಲಿಸುತ್ತದೆ. ಶರತ್ಕಾಲದಲ್ಲಿ ಪೈನ್ ಕಾಡುಗಳ ಕಿತ್ತಳೆ ಬಣ್ಣದ ಅಣಬೆ, ಚಳಿಗಾಲದಲ್ಲಿ ಉರಿಯ ಮೇಲೆ ಕಪ್ಪಾಗುವಂತೆ ಸುಟ್ಟು ತಿನ್ನುವ ಕಾಲ್ಸೊತ್ ಎಂಬ ಉದ್ದನೆಯ ಈರುಳ್ಳಿ, ವಸಂತದಲ್ಲಿ ಮಾರೆಸ್ಮೆ ಕರಾವಳಿಯ ಬಟಾಣಿ ಮತ್ತು ಸ್ಟ್ರಾಬೆರಿ. ಚಳಿಗಾಲದ ಆರ್ಟಿಚೋಕ್ (ಹೂಮೊಗ್ಗನ್ನೇ ಬೇಯಿಸಿ ತಿನ್ನುವ ತರಕಾರಿ) ಬರುವ ಹೊಲಗಳನ್ನು ನೀವು ಬಹುಶಃ ನೋಡಿಯೇ ಇರುತ್ತೀರಿ: ಬಾರ್ಸಿಲೋನಾದ ವಿಮಾನ ನಿಲ್ದಾಣದ ಪಕ್ಕದಲ್ಲೇ ಲ್ಯೊಬ್ರೆಗಾತ್ ನದಿಯ ಮುಖಜ ಭೂಮಿ ಇದೆ, ಅಲ್ಲಿನ ಎಲ್ ಪ್ರಾತ್ ಊರಿನ ಆರ್ಟಿಚೋಕ್ ಹೆಸರುವಾಸಿ. ಒಂದು ಮಹಾನಗರ ತನ್ನ ರನ್‌ವೇಗಳ ಪಕ್ಕದ ಹೊಲಗಳನ್ನು ಕೃಷಿ ಉದ್ಯಾನವೆಂದು ಗುರುತಿಸಿ ಉಳಿಸಿಕೊಂಡಿದೆ. ಆ ಹೊಲಗಳ ಬೆಳೆ ಬಡಾವಣೆಯ ಅಂಗಡಿಯಲ್ಲಿ ಊರಿನ ಹೆಸರು ಹೊತ್ತು ಕೂರುತ್ತದೆ.

ಹಣ್ಣನ್ನು ನೀವಾಗಿ ಮುಟ್ಟಿ ಆರಿಸುವಂತಿಲ್ಲ, ಅಂಗಡಿಯವರು ಆರಿಸಿ ಕೊಡುತ್ತಾರೆ. ನಮಗೆ ಇದು ಕಷ್ಟ. ಒತ್ತಿ, ಮೂಸಿ, ತಟ್ಟಿ ನೋಡದೆ ಹಣ್ಣು ಕೊಳ್ಳುವುದು ಹೇಗೆ? ಆದರೆ ಅವರು ಆರಿಸುವ ಮೊದಲು ಕೇಳುತ್ತಾರೆ: ಇಂದಿಗೋ, ನಾಳೆಗೋ? ಕರಬೂಜ ಇಂದು ರಾತ್ರಿಗೆ ಎಂದರೆ ಒಂದು, ಭಾನುವಾರದ ಊಟಕ್ಕೆ ಎಂದರೆ ಇನ್ನೊಂದು. ವಾರವಾರವೂ ಬರುವ ಗಿರಾಕಿಗೆ ಕೆಟ್ಟದ್ದನ್ನು ಕೊಟ್ಟರೆ ಮುಂದಿನ ವಾರ ಅವರು ಎದುರಿನ ಅಂಗಡಿಗೆ ಹೋಗುತ್ತಾರೆ. ಒಂದೇ ಸರಕಿನ ನಾಲ್ಕಾರು ಅಂಗಡಿಗಳು ಒಂದೇ ಸೂರಿನಡಿ ಇರುವುದರ ಗುಣ ಇದು, ನಂಬಿಕೆಗೆ ಕಾವಲು ಇದೆ.

ಇನ್ನು ಕೆಲವು ಮಾತು ಚುಟುಕಾಗಿ. ಹಳಬರು ಮಾಂಸವನ್ನು ಈಗಲೂ ಒಂದು 'ತೆರ್ಸಾ' ಎಂದು ಕೇಳುವುದುಂಟು, ಅದು 400 ಗ್ರಾಂ. ಕರುಳು, ಮಿದುಳು, ನಾಲಿಗೆ ಮಾರಲು ಬೇರೆಯೇ ಅಂಗಡಿ ಇದೆ, ನೋಡಲಾಗದವರು ಆ ಸಾಲನ್ನು ಬಳಸಿ ಹೋಗಬಹುದು. ಚೀಸ್ ಮಾಡುವಾಗ ಹಾಲು ಒಡೆಯಿಸಲು ಕರುವಿನ ಅಥವಾ ಕುರಿಮರಿಯ ಜಠರದ ರಸ ಬಳಸುವುದು ರೂಢಿ. ಅದು ಬೇಡವೆನ್ನುವವರು ಎಸ್ತ್ರೆಮದೂರಾ ಪ್ರಾಂತ್ಯದ ತೋರ್ತಾ ದೆಲ್ ಕಸಾರ್ ಕೇಳಬಹುದು. ಕುರಿಹಾಲಿನ ಈ ಚೀಸನ್ನು ಒಂದು ಬಗೆಯ ಮುಳ್ಳುಗಿಡದ ಹೂವಿನ ರಸದಿಂದ ಒಡೆಯಿಸುತ್ತಾರೆ, ಚಮಚದಲ್ಲಿ ತೆಗೆದು ತಿನ್ನುವಷ್ಟು ಮೆತ್ತಗಿರುತ್ತದೆ. ಕೊತ್ತಂಬರಿ, ಹಸಿಮೆಣಸಿನಕಾಯಿ, ಶುಂಠಿ ಬೇಕಾದವರು ಸಾಂತ್ ಅಂತೋನಿಯಿಂದ ಪಕ್ಕದ ರವಾಲ್ ಬಡಾವಣೆಗೆ ದಾಟಿದರೆ ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರ ಅಂಗಡಿಗಳಿವೆ, ಹಿಂದಿಯೂ ನಡೆಯುತ್ತದೆ. ಡಬ್ಬಿ ಮನೆಯಿಂದ ಒಯ್ಯಿರಿ: 2022ರ ಸ್ಪೇನಿನ ಕಾನೂನಿನಂತೆ, ಶುಚಿಯಾದ ಸ್ವಂತ ಡಬ್ಬಿಯನ್ನು ಆಹಾರದ ಅಂಗಡಿಯವರು ಒಪ್ಪಿಕೊಳ್ಳಬೇಕು.

ಅಂಗಡಿ ಯಾರದು?

ಕಟ್ಟಡ ಪಾಲಿಕೆಯದು. ಅಂಗಡಿಯವರು ಕೊಳ್ಳುವುದು ಜಾಗವನ್ನಲ್ಲ, ನಿಗದಿತ ವರ್ಷಗಳ ಮಟ್ಟಿಗೆ ಅಲ್ಲಿ ನಿಗದಿತ ಬಗೆಯ ಸರಕು ಮಾರುವ ಹಕ್ಕನ್ನು. ಆ ಹಕ್ಕನ್ನು ಮಕ್ಕಳಿಗೆ ಕೊಡಬಹುದು, ಪಾಲಿಕೆಯ ಒಪ್ಪಿಗೆ ಪಡೆದು ಬೇರೆಯವರಿಗೆ ವರ್ಗಾಯಿಸಬಹುದು. ಆದರೆ ಮೀನಿನ ಅಂಗಡಿಯನ್ನು ರಾತ್ರೋರಾತ್ರಿ ಮೊಬೈಲ್ ಕವಚದ ಅಂಗಡಿ ಮಾಡಲಾಗದು. ಸರಕಿನ ಬಗೆ ಬದಲಿಸಲು ಅನುಮತಿ ಬೇಕು. ಬಾಡಿಗೆ ಹೆಚ್ಚು ಕೊಡುವವರಿಗೇ ಜಾಗ ಎಂಬ ನಿಯಮವಿದ್ದಿದ್ದರೆ ನಗರದ ನಡುಮಧ್ಯದಲ್ಲಿ ಕಾಳು ಬೇಯಿಸಿ ಮಾರುವವರು ಯಾವತ್ತೋ ಮಾಯವಾಗುತ್ತಿದ್ದರು. ಈ ಮಾರುಕಟ್ಟೆಗಳು ಉಳಿದಿರುವುದರ ಹಿಂದೆ ಜನರ ಪ್ರೀತಿಯಷ್ಟೇ ಈ ಒಣ ಆಡಳಿತ ನಿಯಮವೂ ಇದೆ.

ಕಾನೂನಿನ ನೆಲೆ ಮೊದಲಿನಷ್ಟು ಗಟ್ಟಿಯಾಗಿಲ್ಲ. 5,000ಕ್ಕಿಂತ ಹೆಚ್ಚು ಜನರಿರುವ ಪ್ರತಿ ಊರಿನ ಆಡಳಿತವೂ ಮಾರುಕಟ್ಟೆಯನ್ನು ಒದಗಿಸಲೇಬೇಕು ಎಂದು 1985ರ ಸ್ಥಳೀಯ ಆಡಳಿತ ಕಾಯಿದೆ ಹೇಳಿತ್ತು. 2013ರ ತಿದ್ದುಪಡಿಯಲ್ಲಿ ಗ್ರಂಥಾಲಯ ಮತ್ತು ಉದ್ಯಾನ ಆ ಕಡ್ಡಾಯದ ಪಟ್ಟಿಯಲ್ಲಿ ಉಳಿದವು, ಮಾರುಕಟ್ಟೆಯನ್ನು ಕೈಬಿಡಲಾಯಿತು. ಈಗ ಅದು ಆಯಾ ನಗರದ ಇಚ್ಛೆ. ಇಚ್ಛೆ ಇಲ್ಲದ ಕಡೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ: ಸೂಪರ್‌ಮಾರ್ಕೆಟ್ ಅಗ್ಗ, ಸಂಜೆಯೂ ತೆರೆದಿರುತ್ತದೆ. ಅಂಗಡಿಯವರ ಮಕ್ಕಳು ಓದಿ ಬೇರೆ ಕೆಲಸ ಹಿಡಿಯುತ್ತಾರೆ. ಒಂದೊಂದೇ ಕಬ್ಬಿಣದ ಕದ ಇಳಿಯುತ್ತದೆ.

ಬಾರ್ಸಿಲೋನಾ 1990ರ ದಶಕದಿಂದ ಮಾರುಕಟ್ಟೆಗಳಿಗೆಂದೇ ಪ್ರತ್ಯೇಕ ಪಾಲಿಕಾ ಸಂಸ್ಥೆಯನ್ನು ನಡೆಸುತ್ತಾ ಒಂದೊಂದನ್ನೇ ನವೀಕರಿಸುತ್ತಿದೆ. ಅದರ ಸೂತ್ರ ಮೊದಲ ಬಾರಿಗೆ ಕೇಳಿದಾಗ ಒಪ್ಪುವಂತಿರುವುದಿಲ್ಲ. ಅಂಗಡಿಗಳ ಸಂಖ್ಯೆ ಇಳಿಸಿ ಉಳಿದವನ್ನು ದೊಡ್ಡದು ಮಾಡುತ್ತಾರೆ. ನೆಲದಡಿಯಲ್ಲಿ ಲಾರಿಗಳಿಂದ ಸರಕು ಇಳಿಸುವ ಕಟ್ಟೆ, ಶೈತ್ಯಾಗಾರ, ಕಸದ ಕೋಣೆ, ವಾಹನ ನಿಲ್ದಾಣ. ಅದರ ಜೊತೆಗೆ, ಮಾರುಕಟ್ಟೆಯ ಹಗೆಯೆಂದೇ ಎಣಿಸುವ ಸೂಪರ್‌ಮಾರ್ಕೆಟ್ಟನ್ನು ಅದೇ ಕಟ್ಟಡದೊಳಗೆ ಕರೆತರುತ್ತಾರೆ! ಇದರ ತರ್ಕ ಹೀಗಿದೆ. ಸಾಬೂನು, ಹಾಲು, ಬಿಸ್ಕತ್ತಿಗಾಗಿ ಜನ ಹೇಗೂ ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತಾರೆ, ಹೋದವರು ಟೊಮೆಟೊವನ್ನೂ ಅಲ್ಲೇ ಕೊಳ್ಳುತ್ತಾರೆ. ಅದು ಮಾರುಕಟ್ಟೆಯ ಅಡಿಯಲ್ಲೇ ಇದ್ದರೆ ಟೊಮೆಟೊಗೆ ಮೇಲೆ ಬರುತ್ತಾರೆ. ಈ ತರ್ಕವನ್ನು ಒಪ್ಪಲು ನಾನೂ ಹಿಂಜರಿಯುತ್ತಿದ್ದೆ. ಗಾಲಿಚೀಲದ ತಳದಲ್ಲಿ ಸಾಬೂನಿನ ಡಬ್ಬ, ಅದರ ಮೇಲೆ ಸೊಪ್ಪಿನ ಕಟ್ಟು ಇಟ್ಟುಕೊಂಡು ಹೊರಡುವ ಗಿರಾಕಿಗಳನ್ನು ನೋಡಿದರೆ ಲೆಕ್ಕಾಚಾರ ಸುಳ್ಳಲ್ಲ ಎನಿಸುತ್ತದೆ.

ಸಾಂತಾ ಕಾತೆರಿನಾ ಹೀಗೆ ಹೊಸದಾಗಿ ತೆರೆದದ್ದು 2005ರಲ್ಲಿ. ವಾಸ್ತುಶಿಲ್ಪಿಗಳಾದ ಎನ್ರಿಕ್ ಮಿರಾಯೆಸ್ ಮತ್ತು ಬೆನೆದೆತ್ತಾ ತಲ್ಯಾಬೂಯೆ ಅದರ ಮೇಲೆ ಅಲೆಯಲೆಯಾದ ಸೂರು ಹೊದಿಸಿ, ಆರು ಮೂಲೆಯ ಬಣ್ಣದ ಹೆಂಚುಗಳಲ್ಲಿ ಹಣ್ಣು ತರಕಾರಿ ರಾಶಿಯ ಬಣ್ಣಗಳನ್ನು ಹರಡಿದರು. ಅದು ತೆರೆಯುವುದನ್ನು ನೋಡಲು ಮಿರಾಯೆಸ್ ಇರಲಿಲ್ಲ, ಅವರು 2000ದಲ್ಲಿ ತೀರಿಕೊಂಡಿದ್ದರು.

ಸಾಂತ್ ಅಂತೋನಿಯ ಕೆಲಸ 2009ರಲ್ಲಿ ಶುರುವಾಗಿ 2018ರ ಮೇ ತಿಂಗಳವರೆಗೆ ನಡೆಯಿತು. ಅಷ್ಟೂ ಕಾಲ ಅಂಗಡಿಗಳು ಪಕ್ಕದ ಬೀದಿಯಲ್ಲಿ ಹಾಕಿದ ತಾತ್ಕಾಲಿಕ ಸೂರಿನಡಿ ನಡೆದವು. ಕಟ್ಟಡದಡಿ ನಾಲ್ಕು ಅಂತಸ್ತು ಅಗೆಯುವಾಗ ಹಳೆಯ ಕೋಟೆಯ ಕೊತ್ತಳವೂ ರೋಮನ್ನರ ಕಾಲದ ಹೆದ್ದಾರಿಯ ಕುರುಹೂ ಹೊರಬಂದವು. ಕೊತ್ತಳದ ಗೋಡೆ ಈಗ ಕೆಳ ಅಂತಸ್ತಿನಲ್ಲಿ ಎಲ್ಲರಿಗೂ ಕಾಣುವಂತಿದೆ. ಸುಮಾರು 8 ಕೋಟಿ ಯೂರೊ ಖರ್ಚಾಯಿತು. ಒಂಬತ್ತು ವರ್ಷದ ಕಾಯುವಿಕೆಯಲ್ಲಿ ಅಂಗಡಿ ಮುಚ್ಚಿ ಹೋದವರೂ ಇದ್ದಾರೆ. ಮಾರುಕಟ್ಟೆ ಚಂದವಾದ ಮೇಲೆ ಸುತ್ತಲಿನ ಮನೆಬಾಡಿಗೆ ಏರಿತು, ಹಳೆಯ ಗಿರಾಕಿಗಳಲ್ಲಿ ಕೆಲವರು ಬಡಾವಣೆಯನ್ನೇ ಬಿಡಬೇಕಾಯಿತು. ಗೆಲುವಿಗೆ ತೆತ್ತ ಈ ಬೆಲೆಯನ್ನು ಮುಚ್ಚಿಟ್ಟು ಬರೀ ಹೊಗಳುವುದು ಸರಿಯಲ್ಲ.

ಮಾರುಕಟ್ಟೆ ಗಿರಾಕಿಗಳನ್ನು ಕಳೆದುಕೊಂಡು ನೋಡುಗರನ್ನು ಗಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೊಕೇರಿಯಾ ಕಣ್ಣೆದುರಿನ ಉದಾಹರಣೆ. ಲಾ ರಾಂಬ್ಲಾದ ಜನಜಂಗುಳಿ ನೇರ ಒಳಗೆ ನುಗ್ಗುತ್ತದೆ. ಕ್ಯಾಮೆರಾ ಹಿಡಿದವರ ಗುಂಪಿನ ನಡುವೆ ಗಾಲಿಚೀಲ ಎಳೆದುಕೊಂಡು ಹೋಗಲು ಬಡಾವಣೆಯ ಮುದುಕರಿಂದ ಆಗುವುದಿಲ್ಲ. ಅವರು ಬರುವುದನ್ನು ನಿಲ್ಲಿಸಿದರೆ ಹಸಿಮೀನಿಗೆ, ಸೊಪ್ಪಿಗೆ ಗಿರಾಕಿ ಇಲ್ಲ. ಬಾಗಿಲ ಬಳಿಯ ಅಂಗಡಿಗಳಲ್ಲಿ ಹಣ್ಣಿನ ಹೋಳಿನ ಲೋಟ, ಬಣ್ಣದ ರಸ, ಕಾಗದದ ಕೊಳವಿಯಲ್ಲಿ ಹಂದಿಮಾಂಸದ ಚೂರು. ಶುಕ್ರವಾರ ಮತ್ತು ಶನಿವಾರ ಮಧ್ಯಾಹ್ನ ಮೂರರವರೆಗೆ 15ಕ್ಕಿಂತ ಹೆಚ್ಚು ಜನರ ಪ್ರವಾಸಿ ಗುಂಪುಗಳಿಗೆ ಪ್ರವೇಶವಿಲ್ಲ ಎಂದು ಪಾಲಿಕೆ 2015ರಲ್ಲಿ ನಿಯಮ ತಂದದ್ದು ಇದಕ್ಕಾಗಿಯೇ. ಹಾಗೆಂದು ಬೊಕೇರಿಯಾ ಸತ್ತಿಲ್ಲ. ಒಳಗಿನ ಸಾಲುಗಳಲ್ಲಿ ನಗರದ ಒಳ್ಳೆಯ ಅಡುಗೆಯವರು ಈಗಲೂ ಬೆಳಿಗ್ಗೆ ಬೇಗ ಬಂದು ಕೊಳ್ಳುತ್ತಾರೆ. ಮ್ಯಾಡ್ರಿಡ್‌ನ ಸಾನ್ ಮಿಗೆಲ್ ಮಾರುಕಟ್ಟೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 1916ರ ಆ ಚೆಲುವಾದ ಕಬ್ಬಿಣದ ಕಟ್ಟಡ 2009ರಲ್ಲಿ ಮರಳಿ ತೆರೆದಾಗ ತಿಂದು ಕುಡಿಯುವ ತಾಣವಾಗಿತ್ತು. ಕಟ್ಟಡ ಉಳಿಯಿತು, ಸಂಜೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮನೆಯ ಅಡುಗೆಗೆ ಈರುಳ್ಳಿ ಬೇಕಾದವರು ಬೇರೆ ಕಡೆ ಹೋಗಬೇಕು. ನನ್ನ ಮಟ್ಟಿಗೆ ಅದು ಮಾರುಕಟ್ಟೆಯಲ್ಲ.

ಆದ್ದರಿಂದ ಹೋಗುವವರು ಕೊಳ್ಳುವವರಾಗಿ ಹೋಗಬೇಕು ಎಂಬುದು ನನ್ನ ಕೋರಿಕೆ. ಅಡುಗೆಮನೆ ಇರುವ ವಸತಿ ಸಿಕ್ಕಿದ್ದರೆ ಎರಡು ಹೊತ್ತಿನ ಊಟಕ್ಕಾಗುವಷ್ಟು ಕೊಳ್ಳಿ. ಹೋಟೆಲ್‌ನಲ್ಲಿದ್ದರೆ ಒಂದು ಹಿಡಿ ಆಲಿವ್, ಬೆಂದ ಕಡಲೆ, ಬ್ರೆಡ್ಡು, ಇಂದಿಗೆ ಮಾಗಿದ ಪೀಚ್ ಸಾಕು. ಫೋಟೊ ತೆಗೆಯುವ ಮೊದಲು ಕೇಳಿ, ಕೊಂಡ ಮೇಲೆ ಕೇಳಿದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಹೋಗಲು ತಕ್ಕ ಹೊತ್ತು ಮಂಗಳವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಶನಿವಾರ ಇಡೀ ಬಡಾವಣೆ ಅಲ್ಲಿರುತ್ತದೆ, ನೋಡಲು ಸೊಗಸು, ಆದರೆ ಕೊಳ್ಳಲು ತಾಳ್ಮೆ ಬೇಕು. ಚಿಕ್ಕ ಮಾರುಕಟ್ಟೆಗಳು ಮಧ್ಯಾಹ್ನ ಎರಡರ ಬಳಿಕ ಮುಚ್ಚುವುದು ಸಾಮಾನ್ಯ, ಭಾನುವಾರ ಎಲ್ಲೆಡೆ ಬಿಡುವು. ಆದರೆ ಭಾನುವಾರ ಬೆಳಿಗ್ಗೆ ಸಾಂತ್ ಅಂತೋನಿಯ ಹೊರ ಸುತ್ತಿನಲ್ಲಿ ಹಳೆಯ ಪುಸ್ತಕ, ನಾಣ್ಯ, ಕಾಮಿಕ್ಸ್‌ಗಳ ಸಂತೆ ನೆರೆಯುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಆಗಸ್ಟ್ ತಿಂಗಳಲ್ಲಿ ಅಂಗಡಿಯವರೂ ರಜೆಯ ಮೇಲೆ ಊರು ಬಿಡುತ್ತಾರೆ, ಅರ್ಧ ಮಾರುಕಟ್ಟೆ ಮುಚ್ಚಿರಬಹುದು. ಆರಿಸಿಕೊಳ್ಳುವ ಅವಕಾಶವಿದ್ದರೆ ಅಣಬೆ ಬರುವ ಅಕ್ಟೋಬರ್‌ಗೆ ಟಿಕೆಟ್ ಮಾಡಿಸಿ.